ಖಾಸಿಂಸಾಬರ ಒಂದೇ ಒಂದು ರಿಕಾರ್ಡು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ತಪ್ಪು ಮಾಡಿದವರ ಪೈಕಿ ನಾನೂ ಒಬ್ಬ. ಬೆಟಗೇರಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಗವಿಸಿದ್ದೇಶ ಅಂದರೆ ನಾನೇ. ಓಣಿಯ ಜನ ನನ್ನನ್ನು ‘ನಾಳೆ ಬಾ ಗವಿಸಿದ್ದ’ ಅನ್ನುತ್ತಾರೆ. ಯಾರು ಏನು ತಂದಿಟ್ಟರೂ ನನ್ನ ಬಾಯಿಂದ ಬರುವ ಮೊದಲ ಮಾತು ಅದು. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಯಾರಾದರೂ ಹಾಗೆ ಕರೆದರೆ ಮೈ ಉರಿಯುತ್ತದೆ.

ದಸ್ತಗೀರಸಾಬ ನನ್ನ ಗೆಳೆಯ. ಎರಡನೇ ಇಯತ್ತೆಯಿಂದ ಒಂದೇ ಪಾಟಿ, ಒಂದೇ ಬಳಪ. ಅವರು ಪಿಂಜಾರರು, ಮನೆಮಾತು ನಮ್ಮ ಹಾಗೆಯೇ ಕನ್ನಡ. ಅವನ ತಂದೆ ಖಾಸಿಂಸಾಬರು ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಅರಳೆ ಹಿಂಜಿ ಗಾದಿ ತುಂಬಿಕೊಡುತ್ತಿದ್ದರು. ಹಗಲೆಲ್ಲ ಗಾದಿ, ಸಂಜೆಗೆ ತತ್ವಪದ. ಏಕತಾರಿ ಹಿಡಿದು ಬಾಳೆಹೊಸೂರಿನ ಕಟ್ಟೆಯ ಮೇಲೆ ಕುಳಿತರೆ ಹೊಲದಿಂದ ಬರುವವರು ಬುತ್ತಿ ಗಂಟನ್ನು ಕೆಳಗಿಡದೆ ನಿಂತುಬಿಡುತ್ತಿದ್ದರಂತೆ. ‘ಅಂತೆ’ ಅಂದೆ, ಏಕೆಂದರೆ ನಾನು ಕೇಳಿಲ್ಲ. ದಸ್ತಗೀರನೂ ಕೇಳಿಲ್ಲ. ಅವನಿಗೆ ನಾಲ್ಕು ವರ್ಷವಿದ್ದಾಗ ಖಾಸಿಂಸಾಬರು ಜ್ವರ ಬಂದು ತೀರಿಕೊಂಡರು. ಬಿಲ್ಲಿನ ‘ಟಂಯ್ ಟಂಯ್’ ನೆನಪಿದೆ, ಮೈಗೆ ಹತ್ತಿದ ಅರಳೆ ನೆನಪಿದೆ, ದನಿ ಮಾತ್ರ ನೆನಪಿಲ್ಲ ಅನ್ನುತ್ತಿದ್ದ.

ಆದರೆ ಸಾಯುವುದಕ್ಕೆ ಎರಡು ವರ್ಷ ಮೊದಲು ರಿಕಾರ್ಡು ಕಂಪನಿಯವರು ಹುಬ್ಬಳ್ಳಿಗೆ ಬಂದು ಇಳಿದಿದ್ದರು. ಯಾರೋ ಖಾಸಿಂಸಾಬರನ್ನು ಕರೆದುಕೊಂಡು ಹೋದರು. ಲಾಡ್ಜಿನ ಒಂದು ಕೋಣೆಯ ಗೋಡೆಗೆಲ್ಲ ಕಂಬಳಿ ಕಟ್ಟಿ, ತಟ್ಟೆಯ ಆ ಬದಿಗೊಂದು ಈ ಬದಿಗೊಂದು ಎರಡು ಪದ ಹಾಡಿಸಿ ರಿಕಾರ್ಡು ಮಾಡಿದರು. ಅವರ ಪಾಲಿಗೆ ಬಂದದ್ದು ಒಂದು ಪ್ರತಿ. ಬೇರೆ ಪ್ರತಿ ಪೇಟೆಗೆ ಬಂದದ್ದನ್ನು ಯಾರೂ ಕಂಡಿಲ್ಲ. ಮನೆಯಲ್ಲಿ ಗ್ರಾಮಫೋನ್ ಎಲ್ಲಿಯದು? ಗಾದಿ ತುಂಬಲು ಹೋದ ಯಾವುದೋ ಮನೆಯಲ್ಲಿ ಕೇಳಿ ಬರುತ್ತೇನೆಂದು ಒಯ್ದು, ಅಲ್ಲೇ ಕೊಟ್ಟು ಬಂದರು. ಯಾವ ಊರು, ಯಾರ ಮನೆ ಎಂದು ಹೆಂಡತಿಗೆ ಹೇಳಲಿಲ್ಲ. ಆ ಹೆಂಡತಿ, ದಸ್ತಗೀರನ ತಾಯಿ ಅಮೀನಬಿ, ಈಗ ಎಂಬತ್ತೆಂಟರ ಮುದುಕಿ. ಮುಂಡರಗಿಯಲ್ಲಿ ಮಗಳ ಮನೆಯಲ್ಲಿದ್ದಾರೆ.

ದಸ್ತಗೀರ ಚಿಕ್ಕವನಿದ್ದಾಗ ಅವರನ್ನು ಕೇಳುತ್ತಿದ್ದ, “ಯವ್ವಾ, ಅಪ್ಪನ ದನಿ ಹೆಂಗಿತ್ತು?”

“ಹೇಳಾಕ ಬರೂದಿಲ್ಲಪಾ ಅದು. ಕೇಳಬೇಕು.”

ಕೇಳಬೇಕು! ಈ ಒಂದು ಮಾತಿಗೆ ಇವನು ನಲವತ್ತು ವರ್ಷ ಸವೆಸಿದ. ಇಪ್ಪತ್ತೆರಡನೇ ವಯಸ್ಸಿಗೆ ಹಳೇ ರಿಕಾರ್ಡು ಹುಡುಕಲು ಹೊರಟವನು ತಂದೆಯದನ್ನು ಬಿಟ್ಟು ಉಳಿದವರದ್ದೆಲ್ಲ ತಂದ. ಮನೆ ತುಂಬಿತು. ತುಂಬಿದ್ದನ್ನು ಮಾರಿದ. ಹಾಗೆ ಅದೇ ಅವನ ದಂಧೆ ಆಯಿತು.

ಅವನ ಕೆಲಸದ ರೀತಿಯೇ ಬೇರೆ. ನಮ್ಮ ಕಡೆ ಹಳ್ಳಿಗಳಲ್ಲಿ ಹಳೇ ರಿಕಾರ್ಡು ಉಳಿದದ್ದು ಹಾಡಿಗಾಗಿ ಅಲ್ಲ, ಮುಚ್ಚಳಕ್ಕಾಗಿ. ಹುಣಸೆಹಣ್ಣಿನ ಗಡಿಗೆ, ಹಪ್ಪಳದ ಡಬ್ಬಿ, ಉಪ್ಪಿನ ಮಡಿಕೆ, ಎಲ್ಲದರ ಮೇಲೂ ಒಂದೊಂದು ರಿಕಾರ್ಡು ಮುಚ್ಚಿರುತ್ತಿದ್ದರು. ಇವನು ಗಂಟಿನಲ್ಲಿ ಸ್ಟೀಲ್ ಮುಚ್ಚಳ ತುಂಬಿಕೊಂಡು ಮೊದಲ ಬಸ್ಸಿಗೆ ಹೊರಡುತ್ತಿದ್ದ. ಬಿಂಕದಕಟ್ಟಿ, ಹೊಂಬಳ, ಶಿರಹಟ್ಟಿಯ ಆಚೀಚಿನ ಊರು. “ಯವ್ವಾ, ನಿಮ್ಮ ಕರೇ ಮುಚ್ಚಳ ಕೊಡ್ರಿ, ಹೊಳಿಯೂ ಮುಚ್ಚಳ ಒಯ್ರಿ” ಎಂದು ಓಣಿಯಲ್ಲಿ ಕೂಗುತ್ತಿದ್ದ. ಹೆಂಗಸರು ಇವನಿಗೆ ತಲೆ ಕೆಟ್ಟಿದೆ ಎಂದು ನಗುತ್ತ ಕೊಡುತ್ತಿದ್ದರು. ಅಂಟವಾಳದ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ನಾನು ರಿಪೇರಿ ಮಾಡಿಕೊಟ್ಟ ಕೀಲಿ ಕೊಡುವ ಗ್ರಾಮಫೋನಿನಲ್ಲಿ ಒಮ್ಮೆ ಕೇಳಿ, ಪುಣೆಗೋ ಬೆಂಗಳೂರಿಗೋ ಕಳಿಸುತ್ತಿದ್ದ. ಸಿನಿಮಾ ಹಾಡಿನ ರಿಕಾರ್ಡಿಗೆ ಕಿಮ್ಮತ್ತಿಲ್ಲ. ತತ್ವಪದದ ರಿಕಾರ್ಡಿಗೆ ಮಾತ್ರ ಕೊಳ್ಳುವವರು ಮುಗಿಬೀಳುತ್ತಾರೆ. ಜಗತ್ತಿನಲ್ಲಿ ಎರಡೋ ಮೂರೋ ಪ್ರತಿ ಉಳಿದಿರುತ್ತವೆ, ಅವುಗಳಲ್ಲಿ ಒಂದು ಇವನ ಕೈಯಲ್ಲಿ ಇರುತ್ತಿತ್ತು.

ಕಿಮ್ಮತ್ತು ಬಂತೆಂದರೆ ಕಣ್ಣೂ ಬೀಳುತ್ತದೆ. ಗದಗಿನ ಶಾಕೀರ ಎಂಬ ಚುರುಕು ಮನುಷ್ಯ ಇದೇ ದಂಧೆಗೆ ಇಳಿದ. ಕುಶಾಲಿಗೆ ಬಂದವನಂತೆ ಬರುವುದು, ಚಹಾ ಕುಡಿಯುವುದು, ಯಾವ ಕಂಪನಿ, ಯಾರ ಹಾಡು ಎಂದು ಲೇಬಲ್ ಓದಿಕೊಂಡು ಹೋಗುವುದು. ಅಂಥದ್ದನ್ನೇ ನಾನು ಕಡಿಮೆಗೆ ಕೊಡಿಸುತ್ತೇನೆ ಎಂದು ಹೇಳಿಕಳಿಸುವುದು. ಮರುದಿನ ಪುಣೆಯ ಗಿರಾಕಿ ಶಾಕೀರನಿಗೆ ಫೋನ್ ಹಚ್ಚಿರುತ್ತಿದ್ದ. ಇದನ್ನು ನೋಡಿ ದಸ್ತಗೀರ ಹಟಕ್ಕೆ ಬಿದ್ದ. ಎಲ್ಲ ರಿಕಾರ್ಡಿನ ಲೇಬಲ್ ಮೇಲೂ ಮೈದಾಹಿಟ್ಟಿನ ಅಂಟಿನಿಂದ ಕಾಗದ ಹಚ್ಚಿದ. ಹಳದಿ ಕಾಗದ ಅಂದರೆ ಮಾರುವಂಥದ್ದು, ಬಿಳಿ ಅಂದರೆ ಇಟ್ಟುಕೊಳ್ಳುವಂಥದ್ದು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಕಾಟು ಹೊಡೆದ ಕಾಗದ ಅಂದರೆ ಗುಜರಿ. ಈ ಮೂರೂ ಗುರುತು ಗೊತ್ತಿದ್ದದ್ದು ಅವನಿಗೆ ಮತ್ತು ಹೆಂಡತಿ ಅಲ್ಮಾಸಬಿಗೆ.

ಗುಜರಿಗೂ ಒಬ್ಬ ಗಿರಾಕಿ ಇದ್ದ. ಲಕ್ಷ್ಮೇಶ್ವರದ ಕಂಬಾರ ಯಲ್ಲೇಶ. ಕೆಂಪು ಕಾಟು ಅಂದರೆ ತನ್ನ ಪಾಲಿನದು ಎಂಬಷ್ಟನ್ನು ದಸ್ತಗೀರ ಅವನಿಗೂ ಹೇಳಿಕೊಟ್ಟಿದ್ದ. ಆ ಕಾಲದ ರಿಕಾರ್ಡು ಅರಗಿನದು. ಒಡೆದದ್ದು, ಸವೆದದ್ದು ಎಲ್ಲವನ್ನೂ ಅಮಾವಾಸ್ಯೆ ಕಳೆದ ಮರುದಿನ ಬಂದು ಚೀಲದಲ್ಲಿ ಒಯ್ಯುತ್ತಿದ್ದ. ಕುಟ್ಟಿ, ಹೊಸ ಅರಗಿನ ಜೊತೆ ಕಾಯಿಸಿ, ಕುಡಗೋಲನ್ನು ಹಿಡಿಗೆ ಕೂರಿಸಲು ಹೊಯ್ಯುತ್ತಿದ್ದ. ಹನ್ನೆರಡು ವರ್ಷದಿಂದ ಹೀಗೇ ನಡೆದಿತ್ತು.

ಈಗ ಹೋದ ವರ್ಷದ ಜೋಳದ ಸುಗ್ಗಿಯ ಮುಂಚಿನ ಮಾತಿಗೆ ಬರುತ್ತೇನೆ.

ಸೋಮವಾರ ಮಧ್ಯಾಹ್ನ ದಸ್ತಗೀರ ನನ್ನ ಅಂಗಡಿಗೆ ಬಂದು ಒಳಬಾಗಿಲು ಹಾಕಿದ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಎದೆನೋವೇ ಬಂತೇನೋ ಎಂದು ಹೆದರಿದೆ. ಧೋತರದ ಗಂಟು ಬಿಚ್ಚಿ ಒಂದು ರಿಕಾರ್ಡು ತೆಗೆದ. ಅರ್ಧಕ್ಕೆ ಹುಣಸೆಹಣ್ಣಿನ ಜಿಗಟು ಮೆತ್ತಿತ್ತು. ನಡುವಿನ ಲೇಬಲ್ ಮೇಲೆ ಕನ್ನಡದಲ್ಲಿ ‘ಖಾಸಿಂಸಾಬ ಪಿಂಜಾರ, ತತ್ವಪದ’ ಎಂದಿತ್ತು.

“ಎಲ್ಲಿ ಸಿಕ್ಕತೋ?” ಅಂದೆ.

“ಹೊಂಬಳದಾಗ. ಬೀರವ್ವ ಅಂತ ಮುದುಕಿ. ಅಡಗಿಮನ್ಯಾಗ ಗಡಿಗಿ ಮ್ಯಾಲ ಇತ್ತು. ಅಕಿ ಅತ್ತಿ ಕಾಲಕ್ಕ ಗಾದಿ ತುಂಬಾಕ ಬಂದಾಂವ ಕೊಟ್ಟು ಹೋಗಿದ್ನಂತ. ಲೇ ಗವಿಸಿದ್ದಾ, ಹೊಂಬಳಕ್ಕ ನಾ ಐವತ್ತ ಸಲ ಹೋಗೀನಿ. ಆ ಓಣಿಗೆ ಹೋಗಿದ್ದಿಲ್ಲ ನೋಡು!”

ಹೇಳುತ್ತಲೇ ಅಳತೊಡಗಿದ. ಅರವತ್ತು ದಾಟಿದ ಗಂಡಸು ನೆಲದ ಮೇಲೆ ಕುಳಿತು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

“ಹಚ್ಚಿ ಕೇಳೂಣು ನಡಿ” ಅಂದೆ. ಅಂದವನಿಗೆ ಆಮೇಲೆ ನೆನಪಾಯಿತು. ಅವನ ಗ್ರಾಮಫೋನು ನನ್ನ ಅಂಗಡಿಯಲ್ಲೇ ಇತ್ತು. ಸ್ಪ್ರಿಂಗು ತುಂಡಾಗಿ ಹದಿನೈದು ದಿನವಾಗಿತ್ತು. ಹುಬ್ಬಳ್ಳಿಗೆ ಹೋಗಿ ಹಳೇ ಸಾಮಾನಿನವರ ಹತ್ತಿರ ಸ್ಪ್ರಿಂಗು ತರಬೇಕಿತ್ತು. ನಾಳೆ, ನಾಡಿದ್ದು ಅನ್ನುತ್ತ ನಾನು ಹೋಗಿರಲಿಲ್ಲ.

“ಮದಲ ಅವ್ವ ಕೇಳಬೇಕು” ಅಂದ ಅವನು. “ಸವದೈತಿ ಇದು. ಎಷ್ಟ ಸಲ ಮುಳ್ಳು ತಡೀತೈತೋ ಏನೋ. ಮದಲನೇ ಸಲದ ದನಿ ಅಕಿದು. ನೀ ಮಿಷನ್ ಜಲ್ದಿ ಮಾಡಿಕೊಡು, ಸಾಕು.”

“ಗುರುವಾರ ತಯಾರ ಇಡ್ತೀನಿ” ಅಂದೆ.

ಗುರುವಾರ ತಯಾರಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಬುಧವಾರ ಹೆಂಡತಿಯ ಸಂಬಂಧಿಕರ ಮದುವೆ ಇತ್ತು, ಗುರುವಾರ ಸೋಮಾರಿತನ ಇತ್ತು. ಶನಿವಾರ ಹುಬ್ಬಳ್ಳಿಗೆ ಹೋಗಿ ಬಂದೆ. ಭಾನುವಾರ, ಸೋಮವಾರ ಸ್ಪ್ರಿಂಗು ಕೂರಿಸಿದೆ. ಸೋಮವಾರ ಸಂಜೆ ಫೋನ್ ಮಾಡಿ “ನಾಳೆ ಬೆಳಿಗ್ಗೆ ಖಂಡಿತ” ಅಂದೆ. ಅವನು ನಂಬಿದ. ನಂಬಿ ತಕ್ಷಣ ಮುಂಡರಗಿಗೆ ಫೋನ್ ಹಚ್ಚಿ ತಾಯಿಗೆ ಹೇಳಿದನಂತೆ: “ಯವ್ವಾ, ಬುಧವಾರ ಬರ್ತೀನಿ. ಅಪ್ಪನ ಹಾಡು ಸಿಕ್ಕೈತಿ, ತರ್ತೀನಿ.” ಏಳು ದಿನ ಹೆಂಡತಿಗೂ ಹೇಳದೆ ಬಾಯಿ ಬಿಗಿಹಿಡಿದವನು ಅವತ್ತು ತಡೆಯಲಾಗದೆ ಹೇಳಿಬಿಟ್ಟ.

ಹೆಂಡತಿಗೆ ಯಾಕೆ ಹೇಳಲಿಲ್ಲ? ಅಲ್ಮಾಸಬಿಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಓಣಿಗೆ ಗೊತ್ತಾದರೆ ಶಾಕೀರನಿಗೆ ಗೊತ್ತಾಗುತ್ತದೆ ಎಂಬ ಭಯ. ಭಯ ಅಂದರೆ ಹುಚ್ಚು ಭಯ. ಶಾಕೀರನಿಗೆ ಬಿಳಿ ಕಾಗದದ ಗುರುತೂ ಗೊತ್ತಾಗಿದೆ ಎಂದು ಅವನಿಗೆ ಸಂಶಯ ಹತ್ತಿತ್ತು. ಅದಕ್ಕೇ ಈ ಬುದ್ಧಿವಂತ ಏನು ಮಾಡಿದ ಗೊತ್ತೇ? ತಂದೆಯ ರಿಕಾರ್ಡಿಗೆ ಕೆಂಪು ಕಾಟು ಹೊಡೆದ ಕಾಗದ ಅಂಟಿಸಿ, ಬಾಗಿಲ ಹಿಂದಿನ ಗುಜರಿ ಚೀಲದ ನಟ್ಟನಡುವೆ ಇಟ್ಟ. ಗುಜರಿಯನ್ನು ಯಾರು ಕದಿಯುತ್ತಾರೆ? ಹೆಂಡತಿಗೆ ಸಂಶಯ ಬರಬಾರದೆಂದು ಆಮೇಲೆ ಆ ಕಡೆ ತಿರುಗಿಯೂ ನೋಡಲಿಲ್ಲ.

ಹಾಗೆ ಇಟ್ಟ ದಿನಕ್ಕೆ ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನವಿತ್ತು. ಯಲ್ಲೇಶ ಅಷ್ಟರೊಳಗೆ ಬರುವುದಿಲ್ಲ ಎಂಬ ಲೆಕ್ಕ ಅವನದು.

ಮಂಗಳವಾರ ಬೆಳಿಗ್ಗೆ ಗ್ರಾಮಫೋನನ್ನು ಹೊತ್ತುಕೊಂಡು ಅವನ ಮನೆಗೆ ಹೋದೆ. ಅಲ್ಮಾಸಬಿ ಚಹಾಕ್ಕೆ ಇಟ್ಟಿದ್ದಳು. ದಸ್ತಗೀರ ಹೊಸ ಅಂಗಿ ಹಾಕಿದ್ದ. ನಗುತ್ತ ಬಾಗಿಲ ಹಿಂದೆ ಕೈ ಹಾಕಿದ. ನಗು ಹಾಗೇ ನಿಂತಿತು.

“ಇಲ್ಲಿ ಚೀಲ ಇತ್ತಲ್ಲ?”

“ಯಲ್ಲೇಶ ಒಯ್ದ” ಅಂದಳು ಅವಳು ಒಲೆಯ ಮುಂದಿನಿಂದಲೇ. “ಶುಕ್ರವಾರ ನೀವು ಶಿರಹಟ್ಟಿಗೆ ಹೋಗಿದ್ರಲ್ಲ, ಅವಾಗ ಬಂದಿದ್ದ. ಈ ಸಲ ಸುಗ್ಗಿ ಮುಂಚೆನ ಬಂತಂತ. ಕುಡಗೋಲಕ್ಕ ಭಾಳ ಮಂದಿ ಹೇಳ್ಯಾರ, ಅರಗು ಸಾಲದು ಅಂದ. ಕೆಂಪ ಕಾಟಿಂದೆಲ್ಲಾ ಕೊಟ್ಟೀನಿ. ಯಾಕ?”

ದಸ್ತಗೀರ ಬಾಗಿಲ ಹಿಂದೆ ಮತ್ತೆ ಮತ್ತೆ ಕೈ ಆಡಿಸಿದ. ನಾನೇ ವಿಷಯ ಹೇಳಿದೆ. ಅವಳು ಚಹಾದ ಪಾತ್ರೆಯನ್ನು ಹಾಗೇ ಕೈಬಿಟ್ಟಳು. ಕಾಲ ಮೇಲೆ ಚಹಾ ಚೆಲ್ಲಿದ್ದೂ ಅವಳಿಗೆ ತಿಳಿಯಲಿಲ್ಲ.

“ನನಗೊಂದ ಮಾತ ಹೇಳಾಕ ಬರ್ತಿದ್ದಿಲ್ಲೇನ್ರಿ?” ಎಂದು ಕಿರುಚಿದಳು. “ನಲವತ್ತ ವರ್ಷ ಆತು ನಿಮ್ಮ ಕೂಡ ಬಾಳೇವು ಮಾಡಾಕತ್ತು. ನನ್ನ ಮ್ಯಾಲ ನಂಬಿಗಿ ಇಲ್ಲ, ಆ ಚೀಲದ ಮ್ಯಾಲ ನಂಬಿಗಿ! ಅಯ್ಯ ನನ್ನ ಕೈ ಸೇದಿಹೋಗಲಿ, ನನ್ನ ಕೈಲೇನ ಎತ್ತಿ ಕೊಟ್ಟೆನಲ್ಲೋ ಅಲ್ಲಾ!”

ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ಯಲ್ಲೇಶನಿಗೆ ಫೋನ್ ಹಚ್ಚಿದೆವು, ಎತ್ತಲಿಲ್ಲ. ಹತ್ತರ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೊರಟೆವು. ದಾರಿಯುದ್ದಕ್ಕೂ ದಸ್ತಗೀರ ಒಂದೇ ಮಾತು ಅನ್ನುತ್ತಿದ್ದ: “ಕುಟ್ಟಿರೂದಿಲ್ಲ, ನಾಕ ದಿನದಾಗ ಎಲ್ಲಾ ಎಲ್ಲಿ ಕುಟ್ಟತಾನ? ಕುಟ್ಟಿರೂದಿಲ್ಲ.” ಹೌದು ಹೌದು ಅಂದೆ. ನನಗೆ ನಂಬಿಕೆ ಇರಲಿಲ್ಲ. ಕಿಟಕಿಯಾಚೆ ಹೊಲಗಳಲ್ಲಿ ಜೋಳದ ತೆನೆ ಬಲಿತು ಬಾಗಿತ್ತು, ಕೆಲವು ಕಡೆ ಆಗಲೇ ಕೊಯ್ಲಿಗೆ ಇಳಿದಿದ್ದರು.

ಯಲ್ಲೇಶ ಕುಲುಮೆಯ ಮುಂದೆ ಕುಳಿತಿದ್ದ. ನಮ್ಮನ್ನು ಕಂಡು ಖುಷಿಯಿಂದ ಎದ್ದ. “ಬರ್ರಿ ಸಾಬರ, ಕುಂಡ್ರಿ. ಈ ಸಲದ ಮಾಲು ಭಾಳ ಛಲೋ ಇತ್ತು ನೋಡ್ರಿ. ಅರವತ್ತ ಕುಡಗೋಲಿಗೆ ಸಾಕಾತು.”

ದಸ್ತಗೀರ ಅವನ ಮಾತಿಗೆ ಕಾಯದೆ ಮೂಲೆಯ ಚೀಲಕ್ಕೆ ಕೈ ಹಾಕಿದ. ಪುಡಿ. ಮತ್ತೊಂದು ಚೀಲ, ಅದರಲ್ಲೂ ಪುಡಿ. ಕಬ್ಬಿಣದ ಬಾಣಲೆಯ ತಳಕ್ಕೆ ಕರಿ ಅರಗು ಹೆಪ್ಪುಗಟ್ಟಿತ್ತು. ಅವನು ನೆಲಕ್ಕೆ ಮಂಡಿಯೂರಿ ಬೂದಿ ಕೆದರಿದ, ಇದ್ದಿಲು ಕೆದರಿದ. ಕುಟ್ಟುವ ಕಲ್ಲಿನ ಹಿಂದೆ ಅಂಗೈಯಷ್ಟಗಲದ ಒಂದು ಚೂರು ಸಿಕ್ಕಿತು. ಅಂಚಿನಿಂದ ನಡುವಿನವರೆಗೆ ಹೋಳಿಗೆ ಹರಿದಂತೆ ಮುರಿದ ಚೂರು. ಅದರ ತುದಿಗೆ ಅಂಟಿದ ಕಾಗದದ ಮೇಲೆ ಕೆಂಪು ಗೆರೆ. ಎಂಜಲು ಹಚ್ಚಿ ಉಜ್ಜಿದ. ಅಂಟು ಕರಗಿ ಕಾಗದ ಎದ್ದು ಬಂತು. ಕೆಳಗೆ ‘ಖಾಸಿಂ’ ಎಂದಷ್ಟೇ ಉಳಿದಿತ್ತು.

ವಿಷಯ ತಿಳಿದ ಯಲ್ಲೇಶ ತಲೆ ಮೇಲೆ ಕೈ ಹೊತ್ತು ಕುಳಿತ. “ನನಗೇನ ಗೊತ್ತರಿ ಸಾಬರ? ನೀವ ಗುರ್ತು ಹೇಳಿಕೊಟ್ಟಿದ್ರಿ, ಕೆಂಪ ಕಾಟಿದ್ದದ್ದು ನಿಂದು ಅಂತ.” ಪಾಪ, ಅವನ ಕಣ್ಣಲ್ಲೂ ನೀರು. ಅವನದೇನು ತಪ್ಪು?

ಮನೆಗೆ ಬಂದು ದಸ್ತಗೀರ ಆ ಚೂರನ್ನು ಗ್ರಾಮಫೋನಿನ ಮೇಲೆ ಇಟ್ಟ. “ಬ್ಯಾಡೋ” ಅಂದೆ. ಕೇಳಲಿಲ್ಲ. ಚೂರನ್ನು ದಾರದಿಂದ ಬಿಗಿದ, ಕೀಲಿ ಕೊಟ್ಟ, ತಟ್ಟೆ ತಿರುಗುತ್ತಿದ್ದಂತೆ ಚೂರು ಬರುವ ಕ್ಷಣ ನೋಡಿ ಮುಳ್ಳು ಇಳಿಸಿದ. ‘ಆ’ ಎಂದೋ ‘ಹ’ ಎಂದೋ, ಅಕ್ಷರ ಅನ್ನಲಾಗದಷ್ಟು ಚಿಕ್ಕ ಸದ್ದು ಬಂತು. ಮುಳ್ಳು ಜಾರಿ ಕೆಳಗೆ ಬಡಿಯಿತು. ಮತ್ತೆ ಇಳಿಸಿದ, ಮತ್ತೆ ಬಿತ್ತು. ಹತ್ತು ಸಲವೋ ಹದಿನೈದು ಸಲವೋ ಹೀಗೆ ಮಾಡಿದ. ಕೊನೆಗೆ ಚೂರೂ ಸವೆದು ಬರೀ ಕರಕರ ಉಳಿಯಿತು. ಅದು ಮನುಷ್ಯನ ದನಿಯೋ, ಏಕತಾರಿಯ ತಂತಿಯೋ, ಬರೀ ಗೀರೋ, ನನಗಂತೂ ತಿಳಿಯಲಿಲ್ಲ. ಅಲ್ಮಾಸಬಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

ಸಂಜೆ ಮುಂಡರಗಿಯಿಂದ ದಸ್ತಗೀರನ ತಂಗಿಯ ಫೋನ್ ಬಂತು. ಅವ್ವ ಎರೆದುಕೊಂಡು ಬಿಳಿ ಸೀರೆ ಉಟ್ಟು ಕೂತಿದ್ದಾರೆ, ನಾಳೆ ಅಲ್ಲ ಇವತ್ತೇ ಬುಧವಾರ ಅನ್ನುತ್ತಿದ್ದಾರೆ, ಅಣ್ಣ ಬಂದ ಮೇಲೆಯೇ ಉಣ್ಣುತ್ತೇನೆ ಎಂದು ಹಟ ಹಿಡಿದಿದ್ದಾರೆ. ದಸ್ತಗೀರ “ಬರ್ತೀವಿ” ಅಂದು ಫೋನ್ ಇಟ್ಟ. ನಾನು ಸಿಟ್ಟಿಗೆದ್ದೆ.

“ಏನ ಹೇಳ್ತೀಯೋ ಹೋಗಿ? ಖರೆ ಹೇಳಿಬಿಡು.”

“ಖರೆ ಹೇಳಿದ್ರ ಸಾಯ್ತಾಳ ಅಕಿ.”

ಅವನು ಬಿಳಿ ಕಾಗದದ ಕಟ್ಟು ಬಿಚ್ಚಿದ. ಅದೇ ಕಂಪನಿಯ, ಅದೇ ಕಾಲದ, ಶಿರಹಟ್ಟಿ ಕಡೆಯ ಯಾರೋ ಹಾಡಿದ ತತ್ವಪದದ ರಿಕಾರ್ಡು ತೆಗೆದ. ಏಕತಾರಿ ಇತ್ತು, ಗಂಡಸಿನ ಗಡಸು ದನಿ ಇತ್ತು. ಪುಣೆಯ ಗಿರಾಕಿ ಇದನ್ನು ಮಾರೆಂದು ಕೇಳಿ ಕೇಳಿ ಸೋತಿದ್ದ, ಇವನು ಕೊಟ್ಟಿರಲಿಲ್ಲ. ಬೇಡ ಅನ್ನುವ ಬಾಯಿ ನನಗೆಲ್ಲಿತ್ತು? ಗುರುವಾರ ತಯಾರು ಇಡುತ್ತೇನೆ ಅಂದವನು ಗುರುವಾರ ಇಟ್ಟಿದ್ದರೆ ಶುಕ್ರವಾರ ಆ ರಿಕಾರ್ಡು ಮುಂಡರಗಿಯಲ್ಲಿ ಇರುತ್ತಿತ್ತು.

ಬುಧವಾರ ನಾವು ಹೋಗುವ ಹೊತ್ತಿಗೆ ಅಮೀನಬಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿತ್ತು. ಓಣಿಯ ನಾಲ್ಕಾರು ಹೆಂಗಸರೂ ಬಂದು ಕುಳಿತಿದ್ದರು. ನಾನು ಗ್ರಾಮಫೋನ್ ಇಳಿಸಿದೆ. ದಸ್ತಗೀರ ಕೀಲಿ ಕೊಟ್ಟ. ಮುಳ್ಳು ಇಳಿಸದೆ ನನ್ನ ಕಡೆ ನೋಡಿದ. ನಾನೇ ಇಳಿಸಿದೆ.

ಹಾಡು ಶುರುವಾಯಿತು. ಮುದುಕಿ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಹಣೆ ಗಂಟಿಕ್ಕಿತು. ಈಗ ಹಿಡಿಯುತ್ತಾರೆ, ಈಗ ‘ಯಾರೋ ಇಂವ’ ಅನ್ನುತ್ತಾರೆ ಎಂದುಕೊಂಡೆ. ದಸ್ತಗೀರ ತಾಯಿಯ ಮುಖವನ್ನೇ ನೋಡುತ್ತಿದ್ದ. ಮೂರು ನಿಮಿಷದ ಹಾಡು ಮುಗಿದು ಮುಳ್ಳು ಕರಕರ ಅನ್ನತೊಡಗಿತು. ನಾನು ಎತ್ತಿದೆ.

ಅಮೀನಬಿಯ ಹಣೆಯ ಗಂಟು ಸಡಿಲಾಯಿತು. ಬಾಯಲ್ಲಿ ಹಲ್ಲಿಲ್ಲದ ನಗು ಅರಳಿತು.

“ಹೌದಪಾ. ಇದ ದನಿ. ಇವರ ನೋಡು ನಿಮ್ಮಪ್ಪ!” ಅಂದರು. ಹೆಂಗಸರ ಕಡೆ ತಿರುಗಿ, “ಕೇಳಿದ್ರ್ಯಾ? ನಾ ಹೇಳತಿದ್ನಿಲ್ಲ, ಹಿಂಗ ಹಾಡತಿದ್ರು ಅಂತ? ದನಿ ಒಂದೀಟೂ ಬದಲಾಗಿಲ್ಲ” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಗಳು ಅನ್ನ ಕಲೆಸಿ ತಂದಳು. ಹಿಂದಿನ ದಿನದಿಂದ ಉಪವಾಸವಿದ್ದ ಮುದುಕಿ ತಟ್ಟೆ ಬರಿದಾಗುವಷ್ಟು ಉಂಡರು.

ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ದಸ್ತಗೀರ ಕಾಣಲಿಲ್ಲ. ಹಿತ್ತಲಿಗೆ ಹೋದೆ. ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ಸದ್ದಾಗದ ಹಾಗೆ ಬಾಯಿಗೆ ಟವೆಲ್ ಒತ್ತಿಕೊಂಡು ಅಳುತ್ತಿದ್ದ.

“ಆತಲ್ಲೋ, ಅವ್ವ ಖುಷಿ ಆದ್ಳಲ್ಲ. ಇನ್ನ ಯಾಕ ಅಳತಿ?”

ಅವನು ಟವೆಲ್ ತೆಗೆದ.

“ಅಲ್ಲ ಅಂತಾಳ ಅಂತ ಕುಂತಿದ್ನಿ ಗವಿಸಿದ್ದಾ. ಇದು ನಿಮ್ಮಪ್ಪ ಅಲ್ಲ ಅಂತ ನನ್ನ ಕಪಾಳಕ್ಕ ಹೊಡೀತಾಳ ಅಂತ ಕುಂತಿದ್ನಿ. ಹೊಡದಿದ್ರ, ಅಪ್ಪನ ದನಿ ಅಕಿ ಕಿವ್ಯಾಗರ ಉಳದೈತಿ ಅಂತ ಆಗತಿತ್ತು. ಅಕಿ ಕಿವ್ಯಾಗೂ ಇಲ್ಲೋ ಅದು. ಯಾವಾಗ ಹೋಗೇತೋ ಏನೋ, ಅಕಿಗೂ ಗೊತ್ತಿಲ್ಲ. ಇನ್ನ ಎಲ್ಲೂ ಇಲ್ಲ.”

ನಾನು ಅವನ ಪಕ್ಕದಲ್ಲಿ ಕುಳಿತೆ. ಒಳಗಿನಿಂದ ಅಮೀನಬಿ ಕರೆದರು, “ದಸ್ತಗೀರಾ, ಎಲ್ಲಿ ಹೋದ್ಯೋ? ಇನ್ನೊಮ್ಮೆ ಹಚ್ಚ ಬಾರಪಾ, ನಿಮ್ಮಪ್ಪನ್ನ.”

ಅವನು ಮುಖ ತೊಳೆದುಕೊಂಡು ಹೋಗಿ ಹಚ್ಚಿದ.